ವಿಜಯದಶಮಿಗೆ ಉಳಿಸಿಟ್ಟ ಬಟನ್

ನಮ್ಮ ಯಜಮಾನರು, ಸರ್ವೋತ್ತಮ ಅಂತ, ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಬರೆಯುವುದು ಅವರಿಗೊಂದು ಚಟ. ಮದುವೆಯಾದಂದಿನಿಂದ ನೋಡುತ್ತಿದ್ದೇನೆ, ತಿಂಗಳಿಗೊಂದು ಪ್ರಬಂಧ ಪತ್ರಿಕೆಗೆ ಹೋಗುತ್ತದೆ, ಸ್ವಲ್ಪ ದಿನದಲ್ಲಿ ಅದೇ ಪ್ರಬಂಧ 'ಸ್ಥಳಾಭಾವದಿಂದ ಪ್ರಕಟಿಸಲಿಲ್ಲ' ಎಂಬ ಚೀಟಿಯೊಟ್ಟಿಗೆ ಬನ್ನಂಜೆಯ ನಮ್ಮ ಮನೆಗೆ ವಾಪಸು ಬರುತ್ತದೆ. ವಾಪಸು ಬರಲಿಕ್ಕೆ ಸ್ಟಾಂಪು ಹಚ್ಚಿದ ಲಕೋಟೆಯನ್ನೂ ಇವರೇ ಇಟ್ಟು ಕಳಿಸುವುದು, ಅಷ್ಟು ಮರ್ಯಾದಸ್ಥರು. ಓದಿದವರು ಯಾರೂ ಇಲ್ಲ. ನಾನೂ ಓದಿಲ್ಲ, ಸುಳ್ಳು ಯಾಕೆ ಹೇಳಲಿ? "ಓದಿದೆಯಾ?" ಎಂದು ಕೇಳುತ್ತಿದ್ದರು. "ಉದ್ದು ಅರೆಯಲಿಕ್ಕೆ ಉಂಟು, ಆಮೇಲೆ" ಎನ್ನುತ್ತಿದ್ದೆ. ತಾನು ಬರೆದದ್ದನ್ನು ಯಾರಾದರೂ ಒಬ್ಬರು ಓದಿ, ಓದಿದೆ ಎಂದು ಹೇಳಬೇಕು. ಆ ಮನುಷ್ಯನಿಗೆ ಜೀವನದಲ್ಲಿ ಬೇಕಾದದ್ದು ಇಷ್ಟೇ.

ಎರಡು ಸಾವಿರದ ಏಳನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಇವರ ಕಿವಿಗೆ ಬ್ಲಾಗ್ ಎಂಬ ಶಬ್ದ ಬಿತ್ತು. ಸಂಪಾದಕರೇ ಇಲ್ಲದ ಪತ್ರಿಕೆಯಂತೆ. ಕೇಳಿದ್ದೇ ಸೈ, ಮಣಿಪಾಲದಲ್ಲಿ ಸೈಬರ್ ಕೆಫೆ ಇಟ್ಟುಕೊಂಡಿದ್ದ ಲೊರ್ನಾ ಬಾಯಿಯ ಹತ್ತಿರ ಓಡಿದರು. ಇವರು ಕನ್ನಡಕ ಎಲ್ಲಿಟ್ಟರೆಂದು ನೆನಪಿಡಲು ಜನ ಬೇಕಲ್ಲ, ಹಾಗಾಗಿ ನಾನೂ ಹೋದೆ.

"ಬಿಟ್ಟಿಯಾಗಿ ಸಿಗುವ ಬ್ಲಾಗ್ ಉಂಟು ಸರ್, ಹತ್ತು ನಿಮಿಷ ಸಾಕು" ಎಂದಳು ಲೊರ್ನಾ.

"ಬಿಟ್ಟಿ ಬೇಡ" ಎಂದರು ಇವರು. "ಇನ್ನೊಬ್ಬರ ಜಗಲಿಯಲ್ಲಿ ಕೂತು ಬರೆಯುವುದು. ನಾಳೆ ಏಳು ಎಂದರೆ ಎಂತ ಮಾಡುವುದು?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಲೊರ್ನಾ ಪಾಪ, ಸಮಾಧಾನದಿಂದ ವಿವರಿಸಿದಳು. ಅಮೆರಿಕದಲ್ಲಿ ಎಲ್ಲಿಯೋ ಇಪ್ಪತ್ತನಾಲ್ಕು ಗಂಟೆ ಓಡುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಅದರಲ್ಲಿ ನಮಗೆ ಸ್ವಲ್ಪ ಜಾಗ ಗೊತ್ತು ಮಾಡಬೇಕು, ಆ ಜಾಗಕ್ಕೆ ಒಂದು ವಿಳಾಸ ಬೇಕು. ಬ್ಲಾಗಿನ ಫೈಲುಗಳನ್ನು ಇಲ್ಲಿಂದ ಅಲ್ಲಿಗೆ ಸಾಗಿಸಬೇಕು. ಬರೆದದ್ದೆಲ್ಲ ಉಳಿಯುವುದು ಡೇಟಾಬೇಸ್ ಎಂಬ ಇನ್ನೊಂದು ಕಡೆ, ಅದರ ಹೆಸರು ಮತ್ತು ಪಾಸ್‌ವರ್ಡನ್ನು ಒಂದು ಫೈಲಿನಲ್ಲಿ ಬರೆದಿಡಬೇಕು. ಕೊನೆಗೆ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಬ್ಲಾಗಿನ ಹೆಸರು, ನಮ್ಮ ಇ-ಮೇಲ್ ತುಂಬಿಸಿ ಬಟನ್ ಒತ್ತಿದರೆ ಮುಗಿಯಿತು. ಐದು ನಿಮಿಷದ ಕೆಲಸ ಎಂದು ಆ ಬ್ಲಾಗಿನ ಫೈಲು ಮಾಡಿದವರ ವೆಬ್‌ಸೈಟಿನಲ್ಲಿ ಬರೆದಿತ್ತಂತೆ. ಬರೆದವನಿಗೆ ನಮ್ಮವರ ಪರಿಚಯ ಇರಲಿಲ್ಲ.

ಫೈಲು ಸಾಗಿಸಲಿಕ್ಕೆ ಎರಡು ದಿನ ಹಿಡಿಯಿತು. ತೊಂಬತ್ತು ಶೇಕಡಾ ಆಗುವಾಗ ಕರೆಂಟು ಹೋಗುವುದು, ಮತ್ತೆ ಮೊದಲಿನಿಂದ ಶುರು. ಡೇಟಾಬೇಸಿನ ವಿವರ ತುಂಬಿಸುವ ಕೆಲಸವನ್ನು ಇವರೇ ಹಟಹಿಡಿದು ಮಾಡಿದರು. ಮಾಡಿದ ಮೇಲೆ ನೋಡಿದರೆ ಸಂಪರ್ಕವೇ ಸಿಗುತ್ತಿಲ್ಲ. ಲೊರ್ನಾ ವಾರವಿಡೀ ತಲೆ ಕೆರೆದುಕೊಂಡಳು. ಜಾಗ ಕೊಟ್ಟ ಅಮೆರಿಕದ ಕಂಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದಳು, ಅವರು ನಮ್ಮ ಕಡೆ ಎಲ್ಲ ಸರಿ ಉಂಟು ಎಂದರು. ಕೊನೆಗೆ ಆ ಫೈಲು ತೆರೆದು ನೋಡುತ್ತಾಳೆ, ಬಳಕೆದಾರರ ಹೆಸರಿನ ಮೊದಲಿಗೆ ಇವರು 'ಶ್ರೀ' ಸೇರಿಸಿದ್ದಾರೆ.

"ಸರ್, ಇದು ಯಾಕೆ?"

"ಮೂವತ್ತನಾಲ್ಕು ವರ್ಷ ಸರ್ವಿಸು ಮಾಡಿದ್ದೇನೆ. ಬರೇ ಹೆಸರು ಬರೆದು ಒಂದು ಕಾಗದವೂ ಕಳಿಸಿದವನಲ್ಲ."

"ಕಂಪ್ಯೂಟರಿಗೆ ಮರ್ಯಾದೆ ಬೇಡ ಸರ್, ಹೇಳಿದಷ್ಟೇ ಬೇಕು" ಎಂದು ಅವಳು ಶ್ರೀಯನ್ನು ಅಳಿಸಿದಳು. ಕೂಡಲೇ ಆ ಕೊನೆಯ ಪುಟ ಕಣ್ಣೆದುರು ಬಂತು. ಹೆಸರು ತುಂಬಿಸಿ ಒತ್ತುವುದೊಂದೇ ಬಾಕಿ. ಅವಳ ಕೈ ಮೌಸಿನ ಮೇಲೆ ಇತ್ತು.

ಇವರು ತಟ್ಟನೆ ಕೈ ಅಡ್ಡ ಹಿಡಿದರು. "ಈಗ ಪಿತೃಪಕ್ಷ ಅಲ್ವಾ? ಪಕ್ಷದಲ್ಲಿ ಶುಭಕಾರ್ಯ ಮಾಡಲಿಕ್ಕಿಲ್ಲ. ವಿಜಯದಶಮಿಗೆ ಕಾರ್ಯಕ್ರಮ ಇಡುವ. ಯೋಗ್ಯರೊಬ್ಬರನ್ನು ಕರೆದು ಅವರ ಹಸ್ತದಿಂದಲೇ ಒತ್ತಿಸುವ."

"ಸರ್, ಈ ಪುಟವನ್ನು ಹೀಗೆ ತೆರೆದು ಬಿಡಬಾರದು. ಲೋಕದಲ್ಲಿ ಯಾರು ಬೇಕಾದರೂ..."

"ಲೋಕಕ್ಕೆ ಬನ್ನಂಜೆಯ ಸರ್ವೋತ್ತಮ ಯಾರೆಂದು ಗೊತ್ತುಂಟಾ? ಸುಮ್ಮನಿರಿ ಬಾಯಿ."

ಅವಳು ನನ್ನ ಮುಖ ನೋಡಿದಳು, ನಾನು ಛಾವಣಿ ನೋಡಿದೆ. ನಮ್ಮವರಿಗೆ ಬುದ್ಧಿ ಹೇಳುವುದೂ ಒಂದೇ, ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದೂ ಒಂದೇ. ಹಾಗೆ ಆ ಬಟನ್ ಮೂರು ವಾರಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ಬಾಗಿಲು ತೆರೆದುಕೊಂಡು ಮುಹೂರ್ತಕ್ಕೆ ಕಾದಿತು.

ವಿಜಯದಶಮಿ ಭಾನುವಾರ ಬಂದಿತ್ತು. ನಮ್ಮ ಮನೆಯ ಹಾಲ್‌ನಲ್ಲಿ ಇಪ್ಪತ್ತೈದು ಜನ. ಸೈಬರಿನ ಒಂದು ಕಂಪ್ಯೂಟರನ್ನು ಲೊರ್ನಾ ತಂದು ನಮ್ಮ ಫೋನಿನ ತಂತಿಗೆ ಜೋಡಿಸಿದ್ದಳು. ಉದ್ಘಾಟನೆಗೆ ಕಾರ್ಕಳದಿಂದ ನಿವೃತ್ತ ಪ್ರಾಂಶುಪಾಲರೊಬ್ಬರು ಬಂದಿದ್ದರು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು ಎಲ್ಲ ಆಯಿತು. ಮಾಹಿತಿ ತಂತ್ರಜ್ಞಾನ ಮತ್ತು ಮಾನವೀಯ ಮೌಲ್ಯಗಳು ಎಂಬ ವಿಷಯದ ಮೇಲೆ ಪ್ರಾಂಶುಪಾಲರು ಮುಕ್ಕಾಲು ಗಂಟೆ ಮಾತಾಡಿದರು. ನಾನು ಒಳಗೆ ಎಣ್ಣೆಯಲ್ಲಿ ಕಾಯಿಸಿಟ್ಟ ಗೋಳಿಬಜೆ ತಣ್ಣಗಾಗಿ ಕಲ್ಲಾಯಿತು. ಆಮೇಲೆ ಅವರು ಮೌಸನ್ನು ಕಣ್ಣಿಗೊತ್ತಿಕೊಂಡು, ಆ ಕೊನೆಯ ಪುಟ ತೆರೆಯಲು ಲೊರ್ನಾ ತೋರಿಸಿದಲ್ಲಿ ಒತ್ತಿದರು.

ಬಂದದ್ದು ಹೆಸರು ತುಂಬಿಸುವ ಪುಟ ಅಲ್ಲ. ಗಂಡಸರ ಶಕ್ತಿ ಹೆಚ್ಚಿಸುವ ಮಾತ್ರೆಗಳ ಅಂಗಡಿ. ಇಂಗ್ಲಿಷಿನಲ್ಲಿ ಇಷ್ಟಿಷ್ಟು ದೊಡ್ಡ ಅಕ್ಷರ, ನಡುವೆ ಹಲ್ಲುಬಿಟ್ಟು ನಗುವ ಗಂಡಹೆಂಡತಿಯ ಫೋಟೋ. ನಾವು ಮುಹೂರ್ತ ನೋಡುತ್ತಿದ್ದಾಗ ಯಾವನೋ ಮುಹೂರ್ತ ನೋಡದೆ ಬಂದು, ಆ ಪುಟದಲ್ಲಿ ತನ್ನ ಹೆಸರು ತುಂಬಿಸಿ ಮನೆ ಒಕ್ಕಲಾಗಿದ್ದ.

ಪ್ರಾಂಶುಪಾಲರು ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದರು. "ಅಕ್ಷರಗಳು ಸ್ಪಷ್ಟವಾಗಿ ಮೂಡಿಬಂದಿವೆ. ದಂಪತಿಗಳ ಭಾವಚಿತ್ರವೂ ಚೆನ್ನಾಗಿದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಇಬ್ಬರು ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಲೊರ್ನಾ ಮಾತ್ರ ಸರಕ್ಕನೆ ಪರದೆ ಆರಿಸಿ, ಕರೆಂಟು ಹೋಯಿತು ಎಂದಳು. ಫ್ಯಾನು ತಿರುಗುತ್ತಲೇ ಇತ್ತು.

ಆ ದಿನ ಇವರು ಊಟ ಮಾಡಲಿಲ್ಲ. ಕಾರ್ಯಕ್ರಮಕ್ಕೆಂದು ಹೊದ್ದ ಶಾಲನ್ನು ತೆಗೆಯದೆ ಕುರ್ಚಿಯಲ್ಲಿ ಕೂತಿದ್ದರು. "ನನ್ನದು ಅಂತ ಒಂದು ಜಾಗ ಇದ್ದದ್ದು, ಅದರಲ್ಲಿಯೂ ನನ್ನದು ಬರಲಿಲ್ಲ" ಎಂದರು. ನಗಾಡಬೇಕೆಂದು ಇದ್ದವಳು ಒಳಗೆ ಹೋಗಿ ಅನ್ನದ ಪಾತ್ರೆ ಮುಚ್ಚಿಟ್ಟೆ.

ಮರುದಿನ ಸೋಮವಾರ, ಬೆಳಿಗ್ಗೆ ಏಳೂವರೆಯ ರಾಹುಕಾಲದಲ್ಲೇ ಸೈಬರಿನ ಬಾಗಿಲಲ್ಲಿ ನಿಂತರು. ಲೊರ್ನಾ ಹಳೆಯ ಡೇಟಾಬೇಸನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿ, ಫೈಲುಗಳನ್ನು ಹೊಸದಾಗಿ ಹಾಕಿದಳು. ಕೊನೆಯ ಪುಟ ಬಂದ ಕೂಡಲೇ ಇವರು ತಾವೇ ಹೆಸರು ತುಂಬಿಸಿ ಒತ್ತಿಬಿಟ್ಟರು. ಆ ಕೆಲಸಕ್ಕೆ ನಿಜವಾಗಿ ಐದು ನಿಮಿಷವೂ ಬೇಕಾಗಲಿಲ್ಲ. ಓದುಗರ ಅಭಿಪ್ರಾಯ ಇವರು ಒಪ್ಪಿದ ಮೇಲೆಯೇ ಕಾಣುವ ಹಾಗೆಯೂ ಮಾಡಿಸಿದರು, ಕಳ್ಳ ಮತ್ತೆ ನುಗ್ಗಬಾರದಲ್ಲ.

ಮೊದಲ ಪ್ರಬಂಧ ಬಸ್ ಕಂಡಕ್ಟರುಗಳ ಸೀಟಿಯ ಬಗ್ಗೆ. ಹಾಕಿ ತಿಂಗಳಾಯಿತು. ಇವರು ದಿನಾ ಮಣಿಪಾಲಕ್ಕೆ ಹೋಗಿ ನೋಡಿ ಬರುವುದು, ನರಪಿಳ್ಳೆಯ ಅಭಿಪ್ರಾಯವೂ ಇಲ್ಲ. ಕೊನೆಗೆ ಒಂದು ದಿನ ಇವರು ದಂತವೈದ್ಯರ ಹತ್ತಿರ ಹೋದಾಗ ನಾನು ಲೊರ್ನಾಳ ಸೈಬರಿಗೆ ಹೋಗಿ ಓದಿದೆ. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ, ಮೊದಲ ಸಲ.

ಚೆನ್ನಾಗಿ ಬರೆಯುತ್ತಾರೆ ಮಾರಾಯ್ರೆ. ಅದರಲ್ಲಿ ಎಪ್ಪತ್ತೈದನೇ ಇಸವಿಯ ಒಂದು ಬಸ್ಸು ಬರುತ್ತದೆ. ಕಂಡಕ್ಟರನ ಸೀಟಿಗೆ ಬೆಚ್ಚಿ, ಕಣ್ಣೊರೆಸುತ್ತ ಕಾಪುವಿನಲ್ಲಿ ಇಳಿದು ಹೋದ ಹಸಿರು ಲಂಗದ ಹುಡುಗಿಯೊಬ್ಬಳು ಬರುತ್ತಾಳೆ. ಅದು ನಾನು. ಮದುವೆಗೆ ಮೊದಲೇ ನನ್ನನ್ನು ನೋಡಿದ್ದುಂಟೆಂದು ಈ ಪುಣ್ಯಾತ್ಮ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಲೊರ್ನಾ ಟೈಪು ಮಾಡಿದಳು, ನಾನು ಹೇಳುತ್ತಾ ಹೋದೆ. ಅಜೆಕಾರಿನ ಓದುಗಿ ಎಂದು ಸುಳ್ಳು ಹೆಸರು ಕೊಟ್ಟೆ. ಆ ಹುಡುಗಿ ಸೀಟಿಗೆ ಹೆದರಿ ಅತ್ತದ್ದಲ್ಲ, ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಹೋಗಲು ಹೆದರಿ ಅತ್ತದ್ದು ಎಂದು ಬರೆಸಿದೆ. ಅವಳನ್ನು ಅಷ್ಟು ಗಮನ ಕೊಟ್ಟು ನೋಡಿದವರು ಒಬ್ಬರಿದ್ದರು ಎಂದು ಇಂದು ಗೊತ್ತಾಗಿ ಸಂತೋಷವಾಯಿತು ಎಂದೂ ಬರೆಸಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಇವರು ಮಣಿಪಾಲದಿಂದ ಬಂದು ಊಟಕ್ಕೆ ಕೂತರು. ಮುಖದಲ್ಲಿ ಹಿಂದೆಂದೂ ಕಾಣದ ಒಂದು ಗಾಂಭೀರ್ಯ.

"ಅಜೆಕಾರಿನಿಂದ ಒಬ್ಬರು ಬರೆದಿದ್ದಾರೆ" ಎಂದರು. "ಭಾಷೆ ಪರವಾಗಿಲ್ಲ. ಆದರೆ ವಿಷಯ ಬಿಟ್ಟು ಎಲ್ಲೆಲ್ಲಿಯೋ ಹೋಗಿದ್ದಾರೆ. ಸ್ಥಳಾಭಾವದಿಂದ ಪ್ರಕಟಿಸಲಿಲ್ಲ."

ಸಾರಿನ ಸೌಟು ಕೈಯಲ್ಲೇ ಉಳಿಯಿತು. ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ಅಳುವೂ ಬಂತು. ಇಷ್ಟು ವರ್ಷ ಪ್ರತಿ ತಿಂಗಳು ಇದನ್ನೇ ನುಂಗಿಕೊಂಡು ಈ ಮನುಷ್ಯ ಇದೇ ಮಣೆಯ ಮೇಲೆ ಊಟಕ್ಕೆ ಕೂರುತ್ತಿದ್ದರು, ನಾನು ಉಪ್ಪು ಸಾಕಾ ಎಂದು ಮಾತ್ರ ಕೇಳುತ್ತಿದ್ದೆ.