ಕರಣಿ ಮೇಷ್ಟ್ರು ಕಳೆದ ಒಂದು ಅಂಕ

ನಮ್ಮ ಶಾಲೆಯ ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಕರಣಿ ಮೇಷ್ಟ್ರು. ಪೂರ್ತಿ ಬಿಡಿಸಲಾಗದ ವರ್ಗಮೂಲಕ್ಕೆ ಕರಣಿ ಅಂತಾರಲ್ಲ, ಅದು ಭಿನ್ನರಾಶಿಯ ಛೇದದಲ್ಲಿ ಉಳಿದರೆ ಅವರಿಗೆ ಮೈಯೆಲ್ಲ ಉರಿ. "ಗೆರೆ ಕೆಳಗೆ ಮೂಲ ಬಿಟ್ರೋ, ಒಂದು ಅಂಕ ಹೋಯ್ತು ಅಂತಲೇ ತಿಳ್ಕೊಳ್ಳಿ" ಅನ್ನೋರು. ಇಪ್ಪತ್ತೆಂಟು ವರ್ಷ ಹಾಗೇ ಕತ್ತರಿಸಿದರು. ಯಮ ಬಂದರೂ ಅವನ ಲೆಕ್ಕ ತಿದ್ದಿಯೇ ಹೊರಡೋದು ಈ ಮೇಷ್ಟ್ರು ಅಂತ ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಮನುಷ್ಯ ಮಾತ್ರ ಅಪ್ಪಟ ಚಿನ್ನ. ಊಟ ತರದ ಮಕ್ಕಳ ಮುಂದೆ ಸದ್ದಿಲ್ಲದೆ ತಮ್ಮ ಡಬ್ಬಿ ಸರಿಸೋರು. ವಿಜ್ಞಾನ ಹೇಳಿಕೊಡುವ ನನ್ನನ್ನು ತಂಗಿ ಅಂತಲೇ ಕರೆಯೋರು.

ಆ ವರ್ಷ ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಗಣಿತದಲ್ಲಿ ಮೂವತ್ತನಾಲ್ಕು ಬಂತು. ಪಾಸಾಗಲು ಮೂವತ್ತೈದು ಬೇಕು. ಫೇಲಾದರೆ ಓದು ಸಾಕು, ಕೆಲಸಕ್ಕೆ ಹೋಗು ಅಂತ ಅವಳಮ್ಮ ಮೊದಲೇ ಹೇಳಿಬಿಟ್ಟಿದ್ದಳು. ಫಲಿತಾಂಶ ಬಂದು ಎರಡು ವಾರದ ಮೇಲೆ, ಉತ್ತರಪತ್ರಿಕೆಗಳನ್ನು ಬೀರುವಿಗೆ ತುಂಬುವಾಗ ಅವಳದು ನನ್ನ ಕೈಗೆ ಸಿಕ್ಕಿತು. ಕೊನೆಯ ಲೆಕ್ಕದ ಉತ್ತರ: ಮೇಲೆ 6, ಕೆಳಗೆ √3. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಂಕ ಕಡಿತ.

ನನಗೆ ಪಿತ್ತ ನೆತ್ತಿಗೇರಿತು. ಪತ್ರಿಕೆ ಹಿಡಿದು ನೆಟ್ಟಗೆ ಮೇಷ್ಟ್ರ ಮನೆಗೇ ಹೋದೆ.

"ಇದು ತಪ್ಪಾ ಸಾರ್?"

"ತಪ್ಪಲ್ಲ ತಂಗಿ. ಮುಗಿಸಿಲ್ಲ."

"ಮುಗಿಸು ಅಂತ ಪ್ರಶ್ನೆಯಲ್ಲಿ ಎಲ್ಲಿದೆ? ಬೆಲೆ ಕಂಡುಹಿಡಿ ಅಂತಿದೆ. ಕಂಡುಹಿಡಿದಿದಾಳೆ!"

ಪ್ರಶ್ನೆ ಬರೆದವರು ಅವರೇ. ಎರಡು ಸಲ ಓದಿದರು. "ಅಯ್ಯೋ" ಅಂದರು. ಅವತ್ತೇ ಮುಖ್ಯೋಪಾಧ್ಯಾಯಿನಿ ಹತ್ತಿರ ತಪ್ಪೊಪ್ಪಿಕೊಂಡು ಅಂಕ ತಿದ್ದಿಸಿದರು.

ಅಲ್ಲಿಂದ ನಾವಿಬ್ಬರೂ ಹುಡುಗಿಯನ್ನು ಹುಡುಕಿಕೊಂಡು ಹೋದೆವು. ತಾಯಿ, ಮಗಳು ಇಬ್ಬರೂ ಒಂದು ಲಾಂಡ್ರಿಯಲ್ಲಿ ಕೆಲಸದಲ್ಲಿದ್ದರು. ಹುಡುಗಿ ಹೋಟೆಲಿನ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಕೈಮೇಲೆ ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು.

"ನೀನು ಪಾಸು ಕಣಮ್ಮ. ತಪ್ಪು ನಂದು" ಅಂದರು ಮೇಷ್ಟ್ರು.

ಹುಡುಗಿ ಅಮ್ಮನ ಮುಖ ನೋಡಿದಳು. "ಈಗ ಕೆಲಸ ಬಿಡಿಸಕ್ಕಾಗಲ್ಲ ಮೇಷ್ಟ್ರೇ, ಇಂಥ ಜಾಗ ಮತ್ತೆ ಸಿಗಲ್ಲ. ಚಿಕ್ಕವಳನ್ನ ಓದಿಸ್ತೀನಿ ಬಿಡಿ" ಅಂದಳು ತಾಯಿ. ಮೇಷ್ಟ್ರು ಕೈಮುಗಿದರು. ನಾನೂ ಗೋಗರೆದೆ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಹೊರಡುವಾಗ ಹುಡುಗಿ ಕೇಳಿದಳು, "ಸಾರ್, ಅದನ್ನ ಹೇಗೆ ಮುಗಿಸಬೇಕಿತ್ತು? ಆ ವಾರ ಅಮ್ಮಂಗೆ ಜ್ವರ, ನಾನು ಕ್ಲಾಸಿಗೆ ಬಂದಿರ್ಲಿಲ್ಲ."

ಮೇಷ್ಟ್ರು ಲಾಂಡ್ರಿ ಚೀಟಿಯ ಹಿಂದೆ ಬರೆದು ತೋರಿಸಿದರು. "ಮೇಲೂ ಕೆಳಗೂ √3ರಿಂದ ಗುಣಿಸು. ಕೆಳಗೆ ಮೂರಾಯ್ತು, ಮೇಲೆ 6√3. ಮೂರರಿಂದ ಭಾಗಿಸು, 2√3."

"ಇಷ್ಟೇನಾ ಸಾರ್?"

"ಇಷ್ಟೇ ಕಣಮ್ಮ."

ಅವಳು ಚೀಟಿ ಪಕ್ಕಕ್ಕಿಟ್ಟು ಮುಂದಿನ ಬಟ್ಟೆ ಹರವಿದಳು. ನಾನು ಹೊರಗೆ ಬಂದೆ. ನನಗಿಂತ ಮೊದಲೇ ಹೊರಬಿದ್ದಿದ್ದ ಮೇಷ್ಟ್ರು ಲಾಂಡ್ರಿಯ ಮೆಟ್ಟಿಲ ಮೇಲೆ ಕುಸಿದು ಕೂತು ಅಳುತ್ತಿದ್ದರು.

"ಈಗ ಲೆಕ್ಕ ಹೇಳಿಕೊಟ್ಟಷ್ಟು ಹೊತ್ತೂ ಆ ಅಂಕ ಕತ್ತರಿಸೋಕೆ ನಾನು ತಗೊಂಡಿರಲಿಲ್ಲ ತಂಗಿ" ಅಂದರು.