ಶಾಲೆಗೆ ಜಾಗ ಕೊಟ್ಟವರು

ನಮ್ಮ ಬಾಲಿಗ್ನಾನ್ ಹಳ್ಳಿಯ ಶಾಲೆಯ ಚರಿತ್ರೆ ಬರೆದ ಮಹಾನುಭಾವ ನಾನೇ. ಪ್ರತಿ ವರ್ಷ ಶಾಲಾ ದಿನದಂದು ಅದನ್ನು ಗಂಟಲು ಸರಿಮಾಡಿಕೊಂಡು ಓದುತ್ತಿದ್ದೆ: 'ದಾನಶೂರ ದೊನ್ ಎವಾರಿಸ್ತೋ ಜಾಗ ಕೊಟ್ಟರು, ಊರು ಬೆಳಕು ಕಂಡಿತು.' ಆಮೇಲೆ ಜಮೀನ್ದಾರ ದೊನ್‌ನ ಫೋಟೋಗೆ ಮಲ್ಲಿಗೆ ಹಾರ. ಆ ಫೋಟೋದ ಧೂಳು ಒರೆಸುತ್ತಿದ್ದವಳು ಪೂರಿಂಗ್.

ಪೂರಿಂಗ್ ಶಾಲೆಯ ಆಯಾ. ಊರಿಗೆಲ್ಲ ಮನಾ, ಅಂದರೆ ನಮ್ಮ ಕಡೆಯ ಮಾತಲ್ಲಿ ಅಕ್ಕ. ಅರ್ಧ ತೆಂಗಿನ ಸಿಪ್ಪೆಯ ಮೇಲೆ ಒಂದು ಕಾಲಿಟ್ಟು, ಸೊಂಟ ತಿರುಗಿಸುತ್ತ ಹಲಗೆ ನೆಲವನ್ನು ಉಜ್ಜಿ ಫಳಫಳ ಹೊಳೆಸುತ್ತಿದ್ದಳು. ಓದಿದ್ದು ಎರಡನೇ ಕ್ಲಾಸು. ಕೆಸರುಗಾಲಲ್ಲಿ ಬಂದರೆ ಹೆಡ್‌ಮಾಸ್ತರನಾದ ನನ್ನನ್ನೂ ಬಿಡುತ್ತಿರಲಿಲ್ಲ. ನನಗೆ ಅವಳೆಂದರೆ ಹೆದರಿಕೆಯಿತ್ತು, ಗೌರವ ಇರಲಿಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹೋದ ವರ್ಷ ಊರಿಗೆ ಡಾಂಬರು ರಸ್ತೆ ಬಂತು. ಅದರ ಹಿಂದೆಯೇ ದೊನ್‌ನ ಮೊಮ್ಮಗ ಲಿಯಾಂದ್ರೊ ವಕೀಲನನ್ನು ಕಟ್ಟಿಕೊಂಡು ಬಂದ. ಅಜ್ಜ ಜಾಗ ಕೊಟ್ಟದ್ದು ಬಾಯಿಮಾತಿನಲ್ಲಿ. ಹಕ್ಕುಪತ್ರ ಇನ್ನೂ ಅವರ ಮನೆತನದ ಹೆಸರಲ್ಲೇ ಇತ್ತು. ಶಾಲೆ ಕೆಡವಿ ಪೆಟ್ರೋಲ್ ಬಂಕ್ ಹಾಕುತ್ತಾನಂತೆ. ಎಂಬತ್ತಾರು ಮಕ್ಕಳು ಇನ್ನು ಎರಡು ಗುಡ್ಡ ದಾಟಿ ಓದಲು ಹೋಗಬೇಕು.

ಊರೆಲ್ಲ ಶಾಲೆಯಲ್ಲಿ ಸೇರಿತು.

"ಬೇರೆ ಎಲ್ಲಾದ್ರೂ ಕಟ್ಕೊಳ್ಳಿ. ಎರಡು ಫ್ಯಾನು ನಾನು ಕೊಡಿಸ್ತೀನಿ" ಎಂದ ಲಿಯಾಂದ್ರೊ.

ನಮ್ಮ ಊರ ಮುಖ್ಯಸ್ಥ ಚಪ್ಪಾಳೆ ತಟ್ಟಿದ. ಯಾಕೆ ಸುಳ್ಳು ಹೇಳಲಿ, ನಾನೂ ತಟ್ಟಿದೆ.

ಬಾಗಿಲ ಹತ್ತಿರದಿಂದ ಪೂರಿಂಗ್ ಕೇಳಿದಳು: "ವಕೀಲ್ರೇ, ಜಾಗ ಎಲ್ಲಿದೆ ಅಂತ ಬರ್ದದೆ ಆ ಹಕ್ಕುಪತ್ರದಲ್ಲಿ?"

"ಹಳೇ ದೋಣಿಕಟ್ಟೆ ಪಕ್ಕ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ? ಹಳೇ ದೋಣಿಕಟ್ಟೆ ಹೊಳೆ ನಡುಮಧ್ಯ ಅದೆ. ಸಾಹೇಬ್ರಿಗೆ ಈಜು ಬರ್ತದಾ?"

ಹೆಂಗಸರು ಕಿಸಕ್ಕನೆ ನಕ್ಕರು. ಲಿಯಾಂದ್ರೊ ಕೆಂಪಗಾದ.

"ನಂಗಾಗ ಏಳು ವರ್ಷ" ಎಂದಳು ಪೂರಿಂಗ್. "ಹೊಳೆ ದಂಡೆ ತಿನ್ಕೊಂಡು ಬಂತು. ಆಗ ಇದು ಬಿದಿರು ಗೋಡೆ, ಸೋಗೆ ಮಾಡು. ನಲವತ್ತು ಗಂಡಸ್ರು ಕೆಳಗೆ ಬೊಂಬು ತೂರ್ಸಿ, ಇಡೀ ಶಾಲೆನ ಹೆಗಲ ಮೇಲೆ ಹೊತ್ಕೊಂಡು ಇಲ್ಲಿ ತಂದಿಟ್ರು. ನಾನು ನೀರು ಕೊಡ್ತಾ ಜೊತೇಲೇ ಬಂದೆ. ಹೊತ್ತೋರು ಈಗ ಒಬ್ರೂ ಉಳಿದಿಲ್ಲ."

"ಹಾಗಾದ್ರೆ ಈ ಜಾಗ ಯಾರ್ದು?" ವಕೀಲ ಕೇಳಿದ.

"ನಮ್ಮಪ್ಪನ ಗೆಣಸಿನ ಹೊಲ."

ಮನೆಗೆ ಹೋಗಿ, ಬಾಲ ಏಸುವಿನ ಮೂರ್ತಿಯ ಹಿಂದೆ ಇಟ್ಟಿದ್ದ ಆ ಹೊಲದ ಕಂದಾಯದ ಕಾಗದ ತಂದಳು. ವಕೀಲ ಎರಡು ಸಲ ಓದಿ, ಚೀಲ ಮುಚ್ಚಿದ. ಕಾರು ಹೊರಟಿತು. ಮುಖ್ಯಸ್ಥ ಅದರ ಹಿಂದೆ ಓಡುತ್ತ, "ಸಾಹೇಬ್ರೇ, ಫ್ಯಾನು ಮಾತ್ರ ಮರೀಬೇಡಿ!" ಎಂದು ಕೂಗಿದ.

ಎಲ್ಲರೂ ಹೋದ ಮೇಲೆ ಕೇಳಿದೆ: "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ, ಮನಾ?"

"ವರ್ಷಾ ವರ್ಷಾ ಚರಿತ್ರೆ ಓದ್ತಿದ್ರಲ್ಲ ಮಾಷ್ಟ್ರೇ, ಒಂದ್ಸಲನಾದ್ರೂ ನನ್ನ ಕೇಳಿದ್ರಾ? ಓದಿದೋರ ಬಾಯಿಗೆ ಅಡ್ಡ ಬರೋಕೆ ನಾನ್ಯಾರು?"

ಕಪಾಳಕ್ಕೆ ಬಿಗಿದ ಹಾಗಾಯಿತು. ಅಲ್ಲೇ ಚರಿತ್ರೆಯ ಪುಸ್ತಕ ತೆರೆದು ದೊನ್‌ನ ಹೆಸರಿಗೆ ಗೆರೆ ಎಳೆದೆ. ಪಕ್ಕದಲ್ಲಿ ಅವಳ ಅಪ್ಪನ ಹೆಸರು ಬರೆಯಲು ಹೊರಟ ಕೈ ಅಲ್ಲೇ ನಿಂತಿತು. ಮೂವತ್ತು ವರ್ಷ ಅವಳ ಜೊತೆ ಒಂದೇ ಸೂರಿನಡಿ ಕೆಲಸ ಮಾಡಿದ್ದೆ. ಅವಳ ಅಪ್ಪನ ಹೆಸರು ಏನೆಂದು ಅವಳನ್ನೇ ಕೇಳಬೇಕಾಯಿತು.