ಇಬ್ಬರ ಕಿವಿಗೂ ಹತ್ತಿ

ಮದುವೆ ಕುದುರೆಗೆ ಹಾರ ಕಟ್ಟುವ ನನಗೆ ಒಂದೇ ಕಷ್ಟ, ಕುದುರೆ ಅದನ್ನು ತಿಂದುಬಿಡುತ್ತದೆ. ಶಿರಾದ ನಮ್ಮ ಬೀದಿಯ ಕೊನೆಯಲ್ಲಿ ಮದುವೆಗೆ ಕುದುರೆ ಬಾಡಿಗೆ ಕೊಡುವ ಸಾಹೇಬರ ಬಿಳಿ ಕುದುರೆಗಂತೂ ಸೇವಂತಿಗೆ ಎಂದರೆ ಪ್ರಾಣ. ಅದಕ್ಕೇ ಎರಡು ಹಾರ ಕಟ್ಟುತ್ತೇನೆ. ಒಂದು ಅದರ ಕೊರಳಿಗೆ, ಇನ್ನೊಂದು ಹೊಟ್ಟೆಗೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬಾಯಿ ಮಾತ್ರ ಜೋರು. ಅಣ್ಣ ಮಿಲಿಟರಿ ಮುಗಿಸಿ ಬಂದ ವರ್ಷ, ದೀಪಾವಳಿಯ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿಕೊಂಡ. ನಾನು ಅದನ್ನು ನನ್ನ ಹೂವಿನ ಅಂಗಡಿಗೆ ಬಂದವರಿಗೆಲ್ಲ ಅಭಿನಯಿಸಿ ತೋರಿಸಿದೆ.

"ಬಾರ್ಡರ್‌ನಾಗೆ ಇದ್ದೋನು ಕಣ್ರೀ, ಆನೆ ಪಟಾಕಿಗೆ ಸರೆಂಡರ್ ಆಗ್ಬುಟ್ಟ!"

ಎಲ್ಲರೂ ನಕ್ಕರು. ತಿರುಗಿ ನೋಡಿದರೆ ಅಣ್ಣ ನನಗೆಂದು ಟೀ ಹಿಡಿದು ನಿಂತಿದ್ದ. ಲೋಟ ಇಟ್ಟು ಹೋದವನು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟ.

ತಿಂಗಳುಗಳು ಕಳೆದ ಮೇಲೆ, ಸಾಹೇಬರಿಗೆ ಹಾರ ಕೊಟ್ಟು ಬಾ ಎಂದು ಕಾಡಿ ಬೇಡಿ ಕಳಿಸಿದೆ. ಮಧ್ಯಾಹ್ನವಾದರೂ ಬರಲಿಲ್ಲ. ಹೋಗಿ ನೋಡಿದರೆ ಕುದುರೆಯ ಮೈ ಉಜ್ಜುತ್ತಿದ್ದಾನೆ! ಅವನು ಅವಸರ ಮಾಡಿದರೆ ಅದು ದೂರ ಸರಿಯುತ್ತಿತ್ತು.

"ಆರಾಮ್ ಭಾಯ್," ಎಂದರು ಸಾಹೇಬರು. "ನಿಮ್ದು ಉಸಿರು ಓಡಿದ್ರೆ ಅದ್ರದು ಕಾಲು ಓಡ್ತದೆ."

ಅಣ್ಣ ನಿಂತು ಉಸಿರು ಬಿಟ್ಟ. ಕುದುರೆಯೂ ನಿಂತಿತು. ಅಂದಿನಿಂದ ದಿನವೂ ಹೋದ. ರಾತ್ರಿ ನಿದ್ದೆ ಬರತೊಡಗಿತು, ಊಟ ಸೇರಿತು. ನನ್ನೊಂದಿಗೆ ಮಾತ್ರ ಎರಡೇ ಮಾತು. ಕುದುರೆಯೊಂದಿಗೆ ಊರ ಸುದ್ದಿಯೆಲ್ಲ.

ತಾವರೆಕೆರೆಯ ಒಂದು ಮದುವೆಗೆ ಅಣ್ಣನೇ ಲಗಾಮು ಹಿಡಿದು ಹೋದ. ಹಾರದ ಚೀಲ ಹೊತ್ತು ನಾನೂ ಜೊತೆಗಿದ್ದೆ. ಪಟಾಕಿ ಹಚ್ಚುವ ಮೊದಲು ಸಾಹೇಬರು ಎಂದಿನಂತೆ ಕುದುರೆಯ ಕಿವಿಗೆ ಹತ್ತಿ ತುರುಕಿದರು. ಅಣ್ಣ ಕೈ ಚಾಚಿದ.

"ನಂಗೂ ಒಸಿ ಕೊಡಿ ಸಾಹೇಬ್ರೇ. ನಂಗೂ ಈ ಸದ್ದು ಆಗಕಿಲ್ಲ."

ಅಷ್ಟು ಜನರ ಎದುರಿಗೆ! ಈಗ ಎಲ್ಲರೂ ನಗುತ್ತಾರೆ ಎಂದುಕೊಂಡೆ. ಯಾರೂ ನಗಲಿಲ್ಲ. ಮೇಲೆ ಕುಳಿತಿದ್ದ ಮದುಮಗ ಬಗ್ಗಿ, "ಅಣ್ಣೋ, ಮಿಕ್ಕಿದ್ರೆ ನಂಗೂ ಕೊಡಣ್ಣ" ಎಂದ.

ಪಟಾಕಿ ಸಿಡಿಯಿತು. ಅಣ್ಣ ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ತುರುಕಿಕೊಂಡ. ಕುದುರೆಯ ಕೊರಳಿಗೆ ಹಣೆ ಒತ್ತಿ, ಅದರ ಉಸಿರಿಗೆ ಉಸಿರು ಸೇರಿಸಿ ನಿಂತ. ನಾನು ಹತ್ತಿರ ಹೋದೆ.

"ಅಣ್ಣ, ಅಂಗಡೀಲಿ ನಿನ್ನ ಆಡ್ಕೊಂಡು ನಕ್ನಲ್ಲ, ತಪ್ಪಾಯ್ತು ಕಣಣ್ಣ."

ಸದ್ದು ನಿಂತ ಮೇಲೆ ಅಣ್ಣ ಹತ್ತಿ ತೆಗೆದ. "ಏನಮ್ಮಿ ಅಂದೆ?"

"ಕುದ್ರೆ ಹಾರ ತಿಂತಾ ಐತೆ ಅಂದೆ."

ನಿಜವಾಗಿಯೂ ತಿನ್ನುತ್ತಿತ್ತು. ಅಣ್ಣ ನಕ್ಕುಬಿಟ್ಟ.

ಈಗ ಮೆರವಣಿಗೆಗೆ ಹತ್ತಿ ಒಯ್ಯುವುದು ನನ್ನ ಕೆಲಸ. ಅಣ್ಣ ಕಿವಿಗೆ ಹತ್ತಿ ಇಡುವ ಮೊದಲೇ ತಪ್ಪಾಯ್ತು ಅಂತ ಹೇಳಬೇಕು ಎಂದುಕೊಂಡು ಹೋಗುತ್ತೇನೆ. ಪ್ರತಿ ಸಲವೂ ಇಟ್ಟ ಮೇಲೆಯೇ ಮಾತು ಬರುತ್ತದೆ.